ಎಚ್.ಐ.ವಿ. ರಕ್ತಪರೀಕ್ಷೆಗೆ ಒದಗಿದ ಅಡ್ಡಿಗಳು

ಮನುಷ್ಯನ ರಕ್ತದಲ್ಲಿ ಎಚ್.ಐ.ವಿ. ಎಂಬ ವೈರಾಣುವಿನ ಸೋಂಕು ಉಂಟೋ ಇಲ್ಲವೋ ಎಂಬುದನ್ನು ಬೆರಳ ತುದಿಯ ಒಂದೆರಡು ಹನಿ ರಕ್ತದಿಂದ ಅರ್ಧ ಗಂಟೆಯೊಳಗಾಗಿ ಊಹಿಸುವುದು ಈಗ ಸಾಧ್ಯವಾಗಿದೆ. ಇನ್ನೆರಡು ಬಗೆಯ ಪರೀಕ್ಷೆಗಳಿಂದ ಆ ಊಹೆಯನ್ನು ಖಚಿತಪಡಿಸಿಕೊಳ್ಳುವುದಕ್ಕೂ ಹೆಚ್ಚು ಕಾಲ ಬೇಕಾಗುವುದಿಲ್ಲ. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಹಣ ತೆರಬೇಕಾದುದಿಲ್ಲ. ಸೋಂಕು ಕಂಡುಬಂದವರಿಗೆ ಔಷಧವೂ ಬೆಲೆಯಿಲ್ಲದೆಯೇ ದೊರೆಯುತ್ತದೆ. ಹೀಗಿದ್ದರೂ, 2023ರ ಸರ್ಕಾರಿ ಅಂದಾಜಿನಂತೆ ಈ ದೇಶದಲ್ಲಿ ಸೋಂಕುಳ್ಳವರು 25 ಲಕ್ಷಕ್ಕೂ ಮೇಲ್ಪಟ್ಟಿರುವಲ್ಲಿ, ಅವರ ಪೈಕಿ ಸುಮಾರು ಐದರಲ್ಲೊಂದು ಪಾಲಿನವರಿಗೆ ತಮ್ಮ ಸ್ಥಿತಿಯೇ ತಿಳಿಯದು. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ 'ಜನರ ಅಜ್ಞಾನ' ಎಂಬುದು. ಭಿತ್ತಿಪತ್ರಗಳೂ ಭಾಷಣಗಳೂ ಬಹುಕಾಲ ಈ ಉತ್ತರವನ್ನೇ ನಂಬಿಕೊಂಡು ನಡೆದುಬಂದಿವೆ. ಅದು ಸುಳ್ಳೆಂದು ಹೇಳಲಾಗದು. ಆದರೆ ಕಳೆದ ನಾಲ್ಕು ದಶಕಗಳ ಚರಿತ್ರೆಯನ್ನು ಕ್ರಮವಾಗಿ ನೋಡುತ್ತ ಬಂದರೆ ಆ ಉತ್ತರವು ಬಹಳ ಅಪೂರ್ಣವಾದುದೆಂದು ತೋರಿಬರುತ್ತದೆ. ಪರೀಕ್ಷೆಗೆ ಬಾರದೆ ಹೋದವರಲ್ಲಿ ಅನೇಕರು ಏನೂ ಅರಿಯದವರಾಗಿರಲಿಲ್ಲ. ಪರೀಕ್ಷೆಯ ಮರುದಿನ ತಮಗೆ ಏನಾಗುವುದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ರೋಗವನ್ನು ಪತ್ತೆಮಾಡುವ ಅಧಿಕಾರಿಗೂ ರೋಗವನ್ನು ಅಡಗಿಸುವ ಪ್ರಜೆಗೂ ನಡುವಣ ಈ ವ್ಯಾಜ್ಯವು ಎಚ್.ಐ.ವಿ.ಗಿಂತ ಬಹಳ ಹಳೆಯದು. ಭಾರತದಲ್ಲಿ 1868ನೆಯ ಇಸವಿಯ 14ನೆಯ ಆಕ್ಟಿನಂತೆ ವೇಶ್ಯಾವೃತ್ತಿಯ ಸ್ತ್ರೀಯರು ಪೋಲೀಸಿನವರಲ್ಲಿ ಹೆಸರು ಬರೆಸಿ, ನಿಯತಕಾಲದಲ್ಲಿ ದೇಹಪರೀಕ್ಷೆಗೆ ಒಳಗಾಗಿ, ರೋಗವಿದ್ದರೆ 'ಲಾಕ್ ಆಸ್ಪತ್ರೆ' ಎಂಬ ನಿರ್ಬಂಧದ ಆಸ್ಪತ್ರೆಯಲ್ಲಿ ಇರತಕ್ಕುದೆಂದು ವಿಧಿಯಾಯಿತು. ಆಂಗ್ಲ ಸಿಪಾಯಿಗಳ ಆರೋಗ್ಯವನ್ನು ಕಾಪಾಡುವುದು ಇದರ ಉದ್ದೇಶ. ಸಿಪಾಯಿಗಳಿಗೆ ಮಾತ್ರ ಅಂತಹ ಪರೀಕ್ಷೆ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕಲ್ಕತ್ತೆಯಲ್ಲಿ ಈ ವಿಧಿ ಜಾರಿಗೆ ಬಂದೊಡನೆ ಹೆಸರು ಬರೆಸದೆ ತಪ್ಪಿಸಿಕೊಂಡವರೂ, ಕಾಯಿದೆಯ ಎಲ್ಲೆಯಾಚೆಗೆ ವಾಸವನ್ನು ಬದಲಾಯಿಸಿದವರೂ ಬಹಳ ಮಂದಿಯಾದರು; ತಪ್ಪಿಸಿಕೊಂಡವರನ್ನು ಹಿಡಿಯುವುದೇ ಪೋಲೀಸಿನವರ ದೊಡ್ಡ ಕೆಲಸವಾಯಿತು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರ ಚಳವಳಿಯಿಂದ ಅಲ್ಲಿಯ ಕಾಯಿದೆಗಳು 1886ರಲ್ಲಿ ರದ್ದಾದುವು. ಭಾರತದ ಕಾಯಿದೆ 1888ರಲ್ಲಿ ರದ್ದಾಯಿತು. ಅದು ತೊಲಗಿದರೂ, ಸರ್ಕಾರದ ವೈದ್ಯನು ರಕ್ತವನ್ನೋ ದೇಹವನ್ನೋ ನೋಡಬೇಕೆಂದರೆ ಹಿಂದೆ ಪೋಲೀಸಿನವನು ನಿಂತಿರುತ್ತಾನೆಂಬ ಭಾವನೆ ಅಷ್ಟು ಬೇಗ ತೊಲಗುವಂತಹುದಲ್ಲ.

ಮೈಸೂರು ಸೀಮೆಯವರಿಗೆ ಇದೇ ಪಾಠವನ್ನು ಬೋಧಿಸಿದುದು ಪ್ಲೇಗು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಆ ಮಾರಿಯು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಅಷ್ಟರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿದ್ದಿತು. ಮನೆ ಶೋಧಿಸುವುದು, ರೋಗಿಯನ್ನು ಒಯ್ಯುವುದು, ಮನೆಯವರನ್ನು ಊರ ಹೊರಗಣ ಗುಡಿಸಿಲುಗಳಲ್ಲಿ ಇರಿಸುವುದು ಇವೆಲ್ಲ ಆ ಕಾಲದ ಕ್ರಮಗಳು. ಪರಿಣಾಮವಾಗಿ ಜನರು ರೋಗಿಗಳನ್ನು ಅಟ್ಟದಲ್ಲಿ ಅಡಗಿಸಿದರು, ಹೆಣಗಳನ್ನು ಗುಟ್ಟಾಗಿ ಸಾಗಿಸಿದರು. ಪುಣೆಯಲ್ಲಿ ಈ ಶೋಧನೆಯ ಕ್ರೌರ್ಯದಿಂದ ಹುಟ್ಟಿದ ಕೋಪವು 1897ರ ಜೂನ್ 22ರಂದು ರ್ಯಾಂಡ್ ಎಂಬ ಅಧಿಕಾರಿಯ ಮೇಲೆ ಗುಂಡು ಹಾರುವವರೆಗೂ ಹೋಯಿತು. ಪ್ಲೇಗಿನ ವಿಷಯದಲ್ಲಿ ಜನರು ಅಡಗಿಸಿದುದು ರೋಗವಿಲ್ಲವೆಂಬ ಭ್ರಮೆಯಿಂದಲ್ಲ, ರೋಗಿಯನ್ನು ಎತ್ತಿಕೊಂಡು ಹೋಗುವರೆಂಬ ತಿಳಿವಿನಿಂದ. ಎಚ್.ಐ.ವಿ. ಪರೀಕ್ಷೆಯ ಚರಿತ್ರೆಯಲ್ಲಿ ಕಾಣಬೇಕಾದುದು ಇದೇ ಭೇದವನ್ನು.

ಏಡ್ಸ್ ರೋಗವು 1981ರ ಜೂನಿನಲ್ಲಿ ಅಮೆರಿಕಾದ ಲಾಸ್ ಏಂಜಲೀಸಿನ ಐವರು ರೋಗಿಗಳ ವರದಿಯಿಂದ ವೈದ್ಯಲೋಕದ ಗಮನಕ್ಕೆ ಬಂದಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮಾಂತಾನಿಯೇ ಮತ್ತು ಸಂಗಡಿಗರು ವೈರಾಣುವನ್ನು ಬೇರ್ಪಡಿಸಿದರು. ರಕ್ತದಲ್ಲಿ ಅದರ ಪ್ರತಿಕಾಯಗಳನ್ನು ಗುರುತಿಸುವ ಎಲೈಸಾ ಪರೀಕ್ಷೆಗೆ ಅಮೆರಿಕಾ ಸರ್ಕಾರವು 1985ರ ಮಾರ್ಚಿ 2ರಂದು ಮೊದಲ ಅನುಮತಿಯನ್ನು ಕೊಟ್ಟಿತು. ಈ ಪರೀಕ್ಷೆ ನಿರ್ಮಿತವಾದುದು ಮನುಷ್ಯನಿಗಾಗಿ ಅಲ್ಲ, ರಕ್ತದ ಸೀಸೆಗಾಗಿ ಎಂಬುದು ಗಮನಾರ್ಹವಾದ ಸಂಗತಿ. ದಾನವಾಗಿ ಬಂದ ರಕ್ತವು ನಿರ್ದುಷ್ಟವೋ ಎಂದು ನೋಡುವುದೇ ಅದರ ಮೊದಲ ಪ್ರಯೋಜನ. ಆದರೆ ತಮ್ಮ ಸ್ಥಿತಿಯನ್ನು ತಿಳಿಯಬೇಕೆಂಬವರು ಅದಕ್ಕಾಗಿಯೇ ರಕ್ತದಾನಕ್ಕೆ ಬಂದಾರೆಂಬ ಭಯದಿಂದ ಸರ್ಕಾರದವರು ಅದೇ ವರ್ಷ ಬೇರೆ ಪರೀಕ್ಷಾಸ್ಥಾನಗಳನ್ನು ತೆರೆದರು. ಅಲ್ಲಿ ಹೆಸರನ್ನು ಹೇಳದೆ, ಬರಿಯ ಒಂದು ಸಂಖ್ಯೆಯ ಮೇಲೆ ಫಲಿತಾಂಶವನ್ನು ಪಡೆಯಬಹುದಾಗಿದ್ದಿತು.

ಆದರೂ ಸಲಿಂಗಾನುರಾಗಿ ಪುರುಷರ ಸಂಘಗಳಲ್ಲಿ ಹಲವು ಆಗ ತಮ್ಮವರಿಗೆ ಪರೀಕ್ಷೆ ಬೇಡವೆಂದೇ ಸಲಹೆ ಕೊಟ್ಟುವು. ಈಗಿನ ಓದುಗನಿಗೆ ಇದು ಅವಿವೇಕವೆಂದು ತೋರಬಹುದು. ಆ ಕಾಲದ ಸ್ಥಿತಿಯನ್ನು ತೂಗಿ ನೋಡಿದರೆ ಹಾಗೆನ್ನುವಂತಿಲ್ಲ. ಔಷಧವೊಂದೂ ಇರಲಿಲ್ಲ, ಮೊದಲ ಔಷಧವಾದ ಎ.ಜಡ್.ಟಿ.ಗೆ ಅನುಮತಿ ದೊರೆತುದು 1987ರ ಮಾರ್ಚಿಯಲ್ಲಿ. ಪ್ರತಿಕಾಯವಿದ್ದವನು ರೋಗಕ್ಕೆ ಬೀಳುವುದು ನಿಶ್ಚಯವೋ ಅಲ್ಲವೋ ಎಂಬುದನ್ನು ವೈದ್ಯರೇ ಹೇಳಲಾರದೆ ಇದ್ದರು. ಪುರುಷರಿಬ್ಬರ ಸಂಬಂಧವು ಆ ದೇಶದ ಸುಮಾರು ಅರ್ಧದಷ್ಟು ಸಂಸ್ಥಾನಗಳಲ್ಲಿ ಅಪರಾಧವಾಗಿದ್ದಿತು. ಅಲ್ಲಿಯ ಸುಪ್ರೀಂ ಕೋರ್ಟು 1986ರಲ್ಲಿ ಅಂತಹ ಕಾಯಿದೆಯನ್ನು ಎತ್ತಿಹಿಡಿಯಿತು. ಹೀಗಿರಲಾಗಿ ಫಲಿತಾಂಶದ ಪಟ್ಟಿಯೆಂದರೆ ಅಪರಾಧಿಗಳ ಪಟ್ಟಿಯೇ ಆಗಬಹುದಾಗಿದ್ದಿತು. ವಿಮೆಯ ಕಂಪೆನಿಗಳೂ ಉದ್ಯೋಗದಾತರೂ ಅದನ್ನು ಕಾದುಕೊಂಡಿದ್ದರು. ಲಾಭವಿಲ್ಲದ, ನಷ್ಟ ಮಾತ್ರ ನಿಶ್ಚಿತವಾದ ಜ್ಞಾನವನ್ನು ಬೇಡವೆಂದವನನ್ನು ಅಜ್ಞಾನಿಯೆಂದು ಕರೆಯುವುದು ನ್ಯಾಯವಲ್ಲ.

ಗುಟ್ಟಿನ ಬೆಲೆ ಎಷ್ಟೆಂಬುದನ್ನು ಒಂದು ಲೆಕ್ಕ ತೋರಿಸಿಕೊಟ್ಟಿತು. ಒರೆಗಾನ್ ಸಂಸ್ಥಾನದಲ್ಲಿ ಹೆಸರು ಬರೆಸುವ ಪರೀಕ್ಷೆಯ ಜತೆಗೆ ಹೆಸರಿಲ್ಲದ ಪರೀಕ್ಷೆಯನ್ನೂ ಆರಂಭಿಸಿದಾಗ, ಪರೀಕ್ಷೆ ಕೇಳಿ ಬಂದವರು ಒಟ್ಟಿನಲ್ಲಿ ನೂರಕ್ಕೆ 50ರಷ್ಟು, ಸಲಿಂಗಾನುರಾಗಿ ಪುರುಷರಲ್ಲಿ ನೂರಕ್ಕೆ 125ರಷ್ಟು ಹೆಚ್ಚಿದರೆಂದು 1988ರಲ್ಲಿ ಪ್ರಕಟವಾಯಿತು. ವೈರಾಣು ಅದೇ, ಪರೀಕ್ಷೆ ಅದೇ, ಜನರ ತಿಳಿವಳಿಕೆಯೂ ಅದೇ. ಬದಲಾದುದು ಪುಸ್ತಕದಲ್ಲಿ ಹೆಸರು ಬರೆಯುವ ಅಂಕಣವೊಂದು ಮಾತ್ರ.

ಅದೇ ವರ್ಷ ಇಲಿನಾಯ್ ಸಂಸ್ಥಾನದಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆಯಿತು. ಮದುವೆಯ ಪರವಾನಗಿ ಬೇಕಾದರೆ ವಧೂವರರಿಬ್ಬರೂ ಎಚ್.ಐ.ವಿ. ಪರೀಕ್ಷೆಗೆ ಒಳಗಾಗಬೇಕೆಂಬ ಕಾಯಿದೆಯು 1988ರ ಜನವರಿ 1ರಿಂದ ಜಾರಿಗೆ ಬಂದಿತು. ಮೊದಲ ಆರು ತಿಂಗಳಲ್ಲಿ 70,846 ಮಂದಿಯ ರಕ್ತವನ್ನು ನೋಡಿ ಕಂಡುಹಿಡಿದ ಸೋಂಕಿನವರು 8 ಮಂದಿ! ಅಷ್ಟರಲ್ಲಿ ಸಂಸ್ಥಾನದ ಮದುವೆಗಳ ಸಂಖ್ಯೆ ಕುಗ್ಗಿ, ಗಡಿಯಾಚೆಯ ನೆರೆಸಂಸ್ಥಾನಗಳಲ್ಲಿ ಇಲಿನಾಯಿನವರ ಮದುವೆಗಳು ಹೆಚ್ಚಿದುವು. ಕಲ್ಕತ್ತೆಯ ಸ್ತ್ರೀಯರು 120 ವರ್ಷಗಳ ಹಿಂದೆ ಮಾಡಿದುದನ್ನೇ ಅಮೆರಿಕಾದ ಸಂಭಾವಿತ ವಧೂವರರೂ ಮಾಡಿದರು. 1989ರಲ್ಲಿ ಕಾಯಿದೆ ರದ್ದಾಯಿತು. ಇಷ್ಟಾದರೂ ಮದುವೆಗೆ ಮುಂಚೆ ಕಡ್ಡಾಯ ಪರೀಕ್ಷೆಯಾಗಬೇಕೆಂಬ ಸೂಚನೆ ಭಾರತದ ಸಂಸ್ಥಾನಗಳಲ್ಲಿ ಮೇಲಿಂದ ಮೇಲೆ ಎದ್ದುಬರುತ್ತಿರುವುದನ್ನು ನೋಡಿದರೆ, ಆಳುವವರು ಒಬ್ಬರ ಅನುಭವದಿಂದ ಇನ್ನೊಬ್ಬರು ಕಲಿಯುವುದು ಅಪರೂಪವೆಂದು ತೋರುತ್ತದೆ.

ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು; ಏಕೆಂದರೆ ಮುಂದಿನ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ. ಮದರಾಸು ವೈದ್ಯಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಡಾಕ್ಟರ್ ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ಸಂಶೋಧನೆಯನ್ನು ಒಪ್ಪಿಸಿದರು. ಏಡ್ಸ್ ಎಂಬುದು ಪಾಶ್ಚಾತ್ಯರ ರೋಗ, ಭಾರತಕ್ಕೆ ಬಾರದು ಎಂಬ ನಂಬಿಕೆ ಆಗ ವೈದ್ಯರಲ್ಲಿಯೂ ಬಲವಾಗಿದ್ದಿತು. ನಿರ್ಮಲಾ ಅವರು ವೇಶ್ಯಾವೃತ್ತಿಯ ಸಲುವಾಗಿ ಹಿಡಿದು ತಂದ ಸ್ತ್ರೀಯರನ್ನು ಇರಿಸಿದ್ದ ಸರ್ಕಾರಿ ಗೃಹಕ್ಕೆ ಹೋಗಿ, ಅವರ ರಕ್ತವನ್ನು ತೆಗೆದು, ಪರೀಕ್ಷೆಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜಿಗೆ ಒಯ್ದರು. 6 ಮಂದಿಯ ರಕ್ತದಲ್ಲಿ ಸೋಂಕು ಕಂಡುಬಂದಿತು. 1986ರಲ್ಲಿ ಈ ಸಂಗತಿಯನ್ನು ತಮಿಳುನಾಡಿನ ಆರೋಗ್ಯಮಂತ್ರಿ ಎಚ್.ವಿ. ಹಂದೆಯವರು ಶಾಸನಸಭೆಯಲ್ಲಿ ಪ್ರಕಟಿಸಿದರು. ಸಂಶೋಧನೆಯ ದೃಷ್ಟಿಯಿಂದ ಇದು ದೊಡ್ಡ ಸಾಧನೆ. ಅಲ್ಪಸಾಧನಗಳಿಂದ, ಯಾರ ಉತ್ತೇಜನವೂ ಇಲ್ಲದೆ ನಡೆದ ಈ ಕಾರ್ಯದಿಂದ ದೇಶದ ರಕ್ತಭಂಡಾರಗಳ ಕಡೆಗೆ ಸರ್ಕಾರದ ಕಣ್ಣು ತಿರುಗಿತು. ಆದರೆ ರಕ್ತ ಕೊಟ್ಟ ಸ್ತ್ರೀಯರಿಗೆ ಅದು ಯಾವ ರೋಗದ ಪರೀಕ್ಷೆಯೆಂಬುದು ತಿಳಿದಿರಲಿಲ್ಲ. ಅವರು ಬಂಧನದಲ್ಲಿದ್ದವರು, ಬೇಡವೆನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಆ ಕಾಲದ ವೈದ್ಯಪದ್ಧತಿಯಲ್ಲಿ ಇದು ಯಾರಿಗೂ ದೋಷವಾಗಿ ಕಂಡಿದ್ದಿಲ್ಲ.

ಫಲಿತಾಂಶದ ಪರಿಣಾಮವನ್ನು ಅಂತಹ ಸ್ತ್ರೀಯರು ಬೇಗನೆ ಕಂಡುಕೊಂಡರು. ಅವಧಿ ಮುಗಿದ ಮೇಲೂ ಸೋಂಕಿನ ಕಾರಣದಿಂದಲೇ ಮದರಾಸಿನ ಸರ್ಕಾರಿ ಗೃಹದಲ್ಲಿ ಇರಿಸಿಕೊಳ್ಳಲಾಗಿದ್ದವರ ಪರವಾಗಿ ಪತ್ರಿಕಾಲೇಖಕಿ ಶ್ಯಾಮಲಾ ನಟರಾಜ್ ಅವರು ಹೈಕೋರ್ಟಿಗೆ ಹೋಗಬೇಕಾಯಿತು. 1990ರಲ್ಲಿ ಅವರ ಬಿಡುಗಡೆಗೆ ಆಜ್ಞೆಯಾಯಿತು. ಯಾವ ದಂಡನೆಯೂ ಉಳಿಯದೆ, ರಕ್ತದ ಒಂದು ಚೀಟಿಯ ಬಲದಿಂದ ಮನುಷ್ಯರನ್ನು ಕೂಡಿಹಾಕಬಹುದೆಂಬ ಸುದ್ದಿಯು ಅವರ ಓಣಿಗಳಲ್ಲಿ ಯಾವ ಭಿತ್ತಿಪತ್ರಕ್ಕಿಂತಲೂ ವೇಗವಾಗಿ ಹರಡಿದ್ದರೆ ಆಶ್ಚರ್ಯವಿಲ್ಲ.

ಗೋವೆಯಲ್ಲಿ ಇದು ಕಾಯಿದೆಯೇ ಆಗಿದ್ದಿತು. ಅಲ್ಲಿಯ 1985ರ ಸಾರ್ವಜನಿಕ ಆರೋಗ್ಯದ ಕಾಯಿದೆಗೆ ತರುವಾಯ ಸೇರಿಸಿದ ವಿಧಿಯೊಂದರಂತೆ ಸೋಂಕುಳ್ಳವನನ್ನು ಪ್ರತ್ಯೇಕವಾಗಿ ಇರಿಸತಕ್ಕುದಾಗಿದ್ದಿತು. ಡೊಮಿನಿಕ್ ಡಿಸೋಜಾ ಎಂಬ ತರುಣನು ಆಗಾಗ್ಗೆ ರಕ್ತದಾನ ಮಾಡುತ್ತಿದ್ದವನು. ದಾನವಾಗಿ ಕೊಟ್ಟ ರಕ್ತದಲ್ಲಿ ಸೋಂಕು ಕಂಡುಬಂದುದರಿಂದ 1989ರ ಫೆಬ್ರವರಿ 14ರಂದು ಪೋಲೀಸಿನವರು ಅವನನ್ನು ಹಿಡಿದು, ಬರಿದಾಗಿದ್ದ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಕಾವಲಿನಲ್ಲಿ ಇರಿಸಿದರು. ಅಲ್ಲಿ ಅವನು 64 ದಿನ ಇದ್ದನು. ತಾಯಿ ಲೂಸಿ ಡಿಸೋಜಾ ಮುಂಬಯಿ ಹೈಕೋರ್ಟಿಗೆ ಅರ್ಜಿ ಹಾಕಿದಳು. ಮಗನಿಗೆ ಬಿಡುಗಡೆ ದೊರೆಯಿತಾದರೂ ನ್ಯಾಯಾಲಯವು ಆ ವಿಧಿಯನ್ನು ಕೊನೆಗೆ ಸಿಂಧುವೆಂದೇ ತೀರ್ಮಾನಿಸಿತು. ಸಮಾಜದ ಹಿತಕ್ಕೂ ವ್ಯಕ್ತಿಯ ಹಕ್ಕಿಗೂ ವಿರೋಧ ಬಂದಲ್ಲಿ ಸಮಾಜದ್ದೇ ಮೇಲೆಂಬುದು ತೀರ್ಪಿನ ಧೋರಣೆ. ಡಿಸೋಜಾ ಉದ್ಯೋಗವನ್ನು ಕಳೆದುಕೊಂಡನು. ತನ್ನಂತಹವರಿಗಾಗಿ ಸಂಘವೊಂದನ್ನು ಕಟ್ಟಿ 1992ರಲ್ಲಿ ತೀರಿಕೊಂಡನು. 2005ರಲ್ಲಿ ಬಂದ 'ಮೈ ಬ್ರದರ್ ನಿಖಿಲ್' ಎಂಬ ಹಿಂದೀ ಚಲಚ್ಚಿತ್ರಕ್ಕೆ ಅವನ ಜೀವನವೇ ಆಧಾರ.

ಸಮಾಜದ ಹಿತವೆಂಬ ಮಾತನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬೇಕು. ಡಿಸೋಜಾ ಸಿಕ್ಕಿಬಿದ್ದುದು ಸ್ವಂತ ಇಚ್ಛೆಯಿಂದ ರಕ್ತ ಕೊಟ್ಟ ಕಾರಣದಿಂದ. ಅವನ ಗತಿಯನ್ನು ಕಂಡ ಗೋವೆಯವನೊಬ್ಬನಿಗೆ ಸಂಶಯ ಹುಟ್ಟಿದ್ದರೆ ಅವನು ಪರೀಕ್ಷೆಗೆ ಬರುತ್ತಿದ್ದನೇ? ಕಾವಲಿನ ಕೋಣೆಯಲ್ಲಿ ಒಬ್ಬನನ್ನು ಇರಿಸಿದುದರಿಂದ ಹೊರಗಡೆ ಎಷ್ಟು ಮಂದಿ ತಮ್ಮನ್ನು ತಾವೇ ಮರೆಮಾಡಿಕೊಂಡರೆಂಬುದು ಯಾವ ದಾಖಲೆಯಲ್ಲಿಯೂ ಸಿಕ್ಕುವಂತಹುದಲ್ಲ. ಪರೀಕ್ಷೆಗೆ ಬಾರದವನ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಗೋವೆಯ ಪದ್ಧತಿಯನ್ನು ದೇಶಕ್ಕೆಲ್ಲ ವಿಸ್ತರಿಸುವಂತಹ ಮಸೂದೆಯೊಂದು 1989ರಲ್ಲಿ ರಾಜ್ಯಸಭೆಯ ಮುಂದೆ ಬಂದು, ವಿರೋಧದ ಫಲವಾಗಿ ತರುವಾಯ ಹಿಂತೆಗೆಯಲ್ಪಟ್ಟಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು 1992ರಲ್ಲಿ ಸ್ಥಾಪಿತವಾದ ಮೇಲೆ ಸರ್ಕಾರದ ನೀತಿ ಕ್ರಮೇಣ ಬಲಾತ್ಕಾರದಿಂದ ಒಪ್ಪಿಗೆಯ ಕಡೆಗೆ ಸರಿಯಿತು.

ಬಲಾತ್ಕಾರದ ಪಕ್ಷದವರು ಮುಂದೊಡ್ಡಬಹುದಾದ ಉದಾಹರಣೆಯೊಂದುಂಟು. ಅದನ್ನು ಮರೆಮಾಡುವುದು ಯುಕ್ತವಲ್ಲ. ಕ್ಯೂಬಾ ದೇಶವು 1986ರಿಂದ ಪ್ರಜೆಗಳ ರಕ್ತವನ್ನು ವ್ಯಾಪಕವಾಗಿ ಪರೀಕ್ಷಿಸಿ, ಸೋಂಕುಳ್ಳವರನ್ನೆಲ್ಲ ಆರೋಗ್ಯಧಾಮಗಳಲ್ಲಿ ಇರಿಸಿತು. 1993ರ ಬಳಿಕವೇ ಅವರಿಗೆ ಮನೆಯಲ್ಲಿರಲು ಅವಕಾಶವಾದುದು. ಅಲ್ಲಿ ಸೋಂಕು ಬಹಳ ಕಡಮೆಯಾಗಿಯೇ ಉಳಿಯಿತು. ಆದರೆ ಉದ್ಯೋಗ, ಮನೆ, ಆಸ್ಪತ್ರೆ ಎಲ್ಲವೂ ಒಂದೇ ಸರ್ಕಾರದ ಕೈಯಲ್ಲಿರುವ, ನಾಲ್ಕು ಕಡೆಯೂ ಕಡಲಿರುವ ದ್ವೀಪದಲ್ಲಿ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಧಾಮದಲ್ಲಿದ್ದವರಿಗೆ ಸಂಬಳವೂ ಊಟವೂ ನಡೆಯುತ್ತಿದ್ದುವು. ಮದರಾಸಿನ ಗೃಹದಲ್ಲಿಯಾಗಲಿ ಗೋವೆಯ ಆಸ್ಪತ್ರೆಯಲ್ಲಿಯಾಗಲಿ ಅಂತಹದೇನೂ ಇರಲಿಲ್ಲ. ಕ್ಯೂಬಾದ ಕ್ರಮವನ್ನು ಹೊಗಳುವವರು ಅದರ ಬಲವನ್ನು ಎರವಲು ಕೇಳುತ್ತಾರೆಯೇ ಹೊರತು ಅದರ ವೆಚ್ಚವನ್ನಲ್ಲ.

ಪೋಲೀಸಿನ ಭಯ ಹಿಂದಾದ ಮೇಲೆ ಮುಂದಕ್ಕೆ ಬಂದುದು ಉದ್ಯೋಗದ ಭಯ, ಮದುವೆಯ ಭಯ. ಇವೆರಡಕ್ಕೂ ನ್ಯಾಯಾಲಯಗಳ ತೀರ್ಪುಗಳೇ ಸಾಕ್ಷಿ. ಸಾರ್ವಜನಿಕ ವಲಯದ ಕಂಪೆನಿಯೊಂದರಲ್ಲಿ ದಿನಗೂಲಿಗೆ ದುಡಿಯುತ್ತಿದ್ದವನೊಬ್ಬನನ್ನು, ಮೈಯಲ್ಲಿ ಶಕ್ತಿಯಿದ್ದರೂ, ರಕ್ತಪರೀಕ್ಷೆಯ ಫಲದಿಂದಾಗಿ ಕೆಲಸದ ಪಟ್ಟಿಯಿಂದ ತೆಗೆದುಹಾಕಿದರು. ಮುಂಬಯಿ ಹೈಕೋರ್ಟು 1997ರಲ್ಲಿ, ಕೆಲಸ ಮಾಡಬಲ್ಲವನಿಗೆ ಸೋಂಕಿನ ಕಾರಣದಿಂದಲೇ ಕೆಲಸವನ್ನು ನಿರಾಕರಿಸಲಾಗದೆಂದು ತೀರ್ಮಾನ ಕೊಟ್ಟಿತು. ಇದಕ್ಕಿಂತಲೂ ಗಮನಾರ್ಹವಾದುದೆಂದರೆ, ಅರ್ಜಿದಾರನು ಹೆಸರನ್ನು ಮುಚ್ಚಿಟ್ಟು, ಬರಿಯ ಅಕ್ಷರಗಳ ಗುರುತಿನಿಂದ ವ್ಯಾಜ್ಯವನ್ನು ನಡೆಸಲು ನ್ಯಾಯಾಲಯ ಒಪ್ಪಿದುದು. ಹೆಸರು ಹೊರಗೆ ಬೀಳುವುದಾದರೆ ನ್ಯಾಯ ಕೇಳಲು ಬರುವವರು ಯಾರು?

ಮರುವರ್ಷವೇ ಸುಪ್ರೀಂ ಕೋರ್ಟಿನ ತೀರ್ಪೊಂದು ಇನ್ನೊಂದು ದಿಕ್ಕಿಗೆ ಎಳೆಯಿತು. ನಾಗಾಲ್ಯಾಂಡಿನ ವೈದ್ಯನೊಬ್ಬನು ಮತ್ತೊಬ್ಬರಿಗಾಗಿ ಮದರಾಸಿನ ಆಸ್ಪತ್ರೆಯಲ್ಲಿ ರಕ್ತ ಕೊಡಲು ಹೋದಾಗ ಅವನ ಸೋಂಕು ಬೆಳಕಿಗೆ ಬಂದಿತು; ಆ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು, ನಿಶ್ಚಯವಾಗಿದ್ದ ಅವನ ಮದುವೆ ಮುರಿಯಿತು, ಊರನ್ನೇ ಬಿಡಬೇಕಾಯಿತು. ವಧುವಿನ ಪ್ರಾಣರಕ್ಷಣೆಗೆ ಆ ಸಂಗತಿ ತಿಳಿಯಬೇಕಾಗಿದ್ದಿತಾದುದರಿಂದ ಆಸ್ಪತ್ರೆಯದು ತಪ್ಪಲ್ಲವೆಂದು ನ್ಯಾಯಾಲಯವು 1998ರಲ್ಲಿ ಹೇಳಿತು. ಅಷ್ಟಕ್ಕೆ ನಿಂತಿದ್ದರೆ ಚರ್ಚೆಗೆ ಅವಕಾಶವಿದ್ದಿತು. ವಧುವಿನ ಹಕ್ಕೂ ಹಕ್ಕೇ. ಆದರೆ ತೀರ್ಪು ಮುಂದುವರಿದು, ಸೋಂಕುಳ್ಳವನ ವಿವಾಹದ ಹಕ್ಕೇ ತಾತ್ಕಾಲಿಕವಾಗಿ ತಡೆಹಿಡಿಯಲ್ಪಟ್ಟಿದೆಯೆಂಬಂತೆ ಮಾತಾಡಿತು. ಸಂಗಾತಿಯು ತಿಳಿದು ಒಪ್ಪಿದರೂ ಮದುವೆ ಕೂಡದೆಂಬ ಅರ್ಥ ಅದರಿಂದ ಹೊರಟಿತು. ಈ ಭಾಗವು ಅನಗತ್ಯವಾಗಿತ್ತೆಂದು ಅದೇ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ನಡುವಣ ನಾಲ್ಕು ವರ್ಷಗಳಲ್ಲಿ ಮದುವೆಯ ವಯಸ್ಸಿನ ತರುಣನಿಗೆ ದೇಶದ ಪರಮೋಚ್ಚ ನ್ಯಾಯಸ್ಥಾನದಿಂದ ದೊರೆತ ಸೂಚನೆಯೆಂದರೆ, ಪರೀಕ್ಷೆ ಮಾಡಿಸಿಕೊಳ್ಳದವನಿಗೆ ಮದುವೆಯುಂಟು, ಮಾಡಿಸಿಕೊಂಡವನಿಗಿಲ್ಲ ಎಂಬುದೇ.

ಈ ತೂಕವನ್ನು ಇನ್ನೊಂದು ಕಡೆಗೆ ವಾಲಿಸಿದುದು ಔಷಧ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯಿಂದ ಸೋಂಕುಳ್ಳವರು ಬಹುಕಾಲ ಬದುಕಬಲ್ಲರೆಂಬುದು 1996ರಲ್ಲಿ ಸ್ಥಿರವಾಯಿತು. ಆದರೆ ಅದರ ಬೆಲೆ ಆಗ ಬಡದೇಶಗಳಿಗೆ ಎಟುಕುವಂತಹುದಾಗಿರಲಿಲ್ಲ. ಬಾಟ್ಸ್ವಾನಾ ದೇಶವು 2002ರಲ್ಲಿ ಉಚಿತ ಚಿಕಿತ್ಸೆಯನ್ನು ಆರಂಭಿಸಿ, 2004ರಿಂದ ಆಸ್ಪತ್ರೆಗೆ ಬಂದವರಿಗೆಲ್ಲ ಪರೀಕ್ಷೆಯನ್ನು ನಡೆಸುವ, ಬೇಡವೆಂದವರನ್ನು ಮಾತ್ರ ಬಿಡುವ, ಪದ್ಧತಿಯನ್ನು ತಂದಿತು. ಪರೀಕ್ಷೆಯಾದವರ ಸಂಖ್ಯೆ ಬೇಗನೆ ಏರಿತು. ಇಲ್ಲಿ ಕ್ರಮವನ್ನು ಗಮನಿಸಬೇಕು: ಮೊದಲು ಔಷಧ, ಆಮೇಲೆ ಪರೀಕ್ಷೆ. ಭಾರತದಲ್ಲಿ ಉಚಿತ ಚಿಕಿತ್ಸೆ 2004ರ ಏಪ್ರಿಲ್ 1ರಂದು 8 ಆಸ್ಪತ್ರೆಗಳಲ್ಲಿ ಆರಂಭವಾಯಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಇದಕ್ಕೆ ಆರಿಸಿದ್ದರು, ಅವುಗಳಲ್ಲಿ ಕರ್ನಾಟಕವೂ ಒಂದು. ಅದುವರೆಗೆ, ಅಂದರೆ ಮದರಾಸಿನ ಮೊದಲ ಪರೀಕ್ಷೆಯಿಂದ 18 ವರ್ಷ, ಬಡವನಿಗೆ ಸರ್ಕಾರ ಕೊಡಬಲ್ಲುದಾಗಿದ್ದುದು ಬರಿಯ ಸುದ್ದಿಯನ್ನು. 2017ರಿಂದ, ಸೋಂಕು ತಿಳಿದೊಡನೆ ರಕ್ತದ ಲೆಕ್ಕವನ್ನು ಕಾಯದೆ ಚಿಕಿತ್ಸೆಯನ್ನು ಆರಂಭಿಸುವುದು ನಿಯಮವಾಗಿದೆ.

ಪರೀಕ್ಷೆಯ ಯಂತ್ರವೇ ತಂದೊಡ್ಡಿದ ಅಡ್ಡಿಯೊಂದನ್ನೂ ಹೇಳಬೇಕು. ಮೊದಮೊದಲು ರಕ್ತ ಕೊಟ್ಟ ದಿನಕ್ಕೂ ಉತ್ತರ ದೊರೆಯುವ ದಿನಕ್ಕೂ ನಡುವೆ ದಿನಗಳೋ ವಾರಗಳೋ ಕಳೆಯುತ್ತಿದ್ದುವು. ಅಮೆರಿಕಾದ ಸಾರ್ವಜನಿಕ ಪರೀಕ್ಷಾಸ್ಥಾನಗಳಲ್ಲಿ 2000ದಲ್ಲಿ ಸೋಂಕು ಕಂಡುಬಂದವರ ಪೈಕಿ ನೂರಕ್ಕೆ 31 ಮಂದಿ ಉತ್ತರ ಕೇಳಲು ಹಿಂದಿರುಗಲೇ ಇಲ್ಲ. 20 ನಿಮಿಷದಲ್ಲಿ ಉತ್ತರ ಕೊಡುವ ಪರೀಕ್ಷೆಗೆ ಅಲ್ಲಿ 2002ರ ನವೆಂಬರಿನಲ್ಲಿ ಅನುಮತಿ ದೊರೆತ ಮೇಲೆ ಈ ತೊಡಕು ಬಹುಮಟ್ಟಿಗೆ ಕಳೆಯಿತು. ಸೋಂಕು ತಗಲಿದ ಹೊಸತರಲ್ಲಿ ಪ್ರತಿಕಾಯಗಳು ಕಾಣಿಸದೆ ಇರುವುದರಿಂದ ಕೆಲವು ವಾರಗಳ ಮೇಲೆ ಮತ್ತೊಮ್ಮೆ ಬನ್ನಿರೆಂದು ಹೇಳಬೇಕಾಗುವ ತೊಡಕು ಮಾತ್ರ ಉಳಿದಿದೆ.

ಸುನೀತಿ ಸಾಲೊಮನ್ ಅವರು 1993ರಲ್ಲಿ ಸರ್ಕಾರಿ ಕಾಲೇಜಿನ ಹೊರಗೆ ತಮ್ಮದೇ ಸಂಸ್ಥೆಯನ್ನು ಮದರಾಸಿನಲ್ಲಿ ಸ್ಥಾಪಿಸಿ, ಸ್ವಂತ ಇಚ್ಛೆಯಿಂದ ಬರುವವರಿಗೆ ಪರೀಕ್ಷೆಯನ್ನೂ ಅದರ ಮುಂಚೆಯೂ ಆಮೇಲೆಯೂ ಸಮಾಧಾನದ ಮಾತುಕತೆಯನ್ನೂ ಒದಗಿಸಿದರು. ಕೇಳದೆ ತೆಗೆದ ರಕ್ತದಿಂದ ಆರಂಭವಾದ ಕೆಲಸವು ಕೇಳಿ ತೆಗೆಯುವ ಪದ್ಧತಿಗೆ ಬಂದು ನಿಂತುದು ಅದೇ ಕೈಗಳಲ್ಲಿ ಎಂಬುದು ಈ ಚರಿತ್ರೆಯ ಒಂದು ವಿಶೇಷ. ಅವರು 2015ರಲ್ಲಿ ಕಾಲವಾದರು. ಸರ್ಕಾರದವರೂ ಇದೇ ಮಾದರಿಯನ್ನು ಹಿಡಿದು ದೇಶಾದ್ಯಂತ ಕೇಂದ್ರಗಳನ್ನು ತೆರೆದರು. ಕರ್ನಾಟಕದಲ್ಲಿ ಇವುಗಳ ಹಲಗೆಯ ಮೇಲೆ 'ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ' ಎಂದು ಬರೆದಿರುತ್ತದೆ. ಭಾಷೆಯ ವಿದ್ಯಾರ್ಥಿಗಳು ಈ ಪದದ ಮುಂದೆ ಒಂದು ಕ್ಷಣ ನಿಲ್ಲಬಹುದು. ಇಂಗ್ಲಿಷಿನಲ್ಲಿ ಅದು ಸಲಹೆಯೆಂಬ ಬರಿಯ ಅರ್ಥದ ಮಾತು. ಕನ್ನಡದಲ್ಲಿ ಪದಕಾರರು ಅದಕ್ಕೆ 'ಆಪ್ತ'ವನ್ನು ಸೇರಿಸಿದರು. ನಂಬಿಕೆಗೆ ತಕ್ಕವನು ಎಂಬುದು ಆಪ್ತಶಬ್ದದ ಮೂಲಾರ್ಥ; ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯವು ಪ್ರಮಾಣಗಳಲ್ಲಿ ಒಂದು. ಇದಕ್ಕೆ ಎದುರಾಗಿ ಇನ್ನೊಂದು ಹಳೆಯ ಪದವುಂಟು: 'ಗುಪ್ತರೋಗ'. ಮೈಥುನದಿಂದ ಬರುವ ರೋಗಗಳಿಗೆಲ್ಲ ಕನ್ನಡದ ಗೋಡೆಬರಹಗಳು ಬಹುಕಾಲದಿಂದ ಕೊಟ್ಟುಕೊಂಡು ಬಂದ ಹೆಸರು ಇದು. ರೋಗದ ಹೆಸರೇ ಅದನ್ನು ಅಡಗಿಸು ಎಂದು ಅಪ್ಪಣೆ ಮಾಡುವಾಗ ರೋಗಿಯು ಅಡಗಿಸಿದರೆ ತಪ್ಪು ಯಾರದು? ಎಚ್.ಐ.ವಿ. ರಕ್ತದ ಮೂಲಕವೂ ತಾಯಿಯಿಂದ ಮಗುವಿಗೂ ಬರುವುದಾದರೂ, ಜನರ ಮನಸ್ಸಿನಲ್ಲಿ ಅದು ಸೇರಿಕೊಂಡುದು ಈ ಗುಂಪಿಗೇ.

ತಾಯಿಯ ಮಾತು ಬಂದುದರಿಂದ ಸ್ತ್ರೀಯರ ವಿಷಯವನ್ನು ಪ್ರತ್ಯೇಕವಾಗಿ ಹೇಳದೆ ತೀರದು. ಗರ್ಭಿಣಿಯಿಂದ ಶಿಶುವಿಗೆ ಸೋಂಕು ದಾಟದಂತೆ ತಡೆಯುವ ಔಷಧ ದೊರೆತ ಮೇಲೆ, ಈ ಶತಮಾನದ ಮೊದಲ ವರ್ಷಗಳಿಂದ, ಬಸುರಿಯರ ರಕ್ತಪರೀಕ್ಷೆ ಭಾರತದಲ್ಲಿ ವ್ಯಾಪಕವಾಯಿತು. ಇದರಿಂದ ಉಳಿದ ಶಿಶುಗಳು ಅನೇಕ. ಆದರೆ ಇದರ ಇನ್ನೊಂದು ಪರಿಣಾಮವೆಂದರೆ, ಸೋಂಕು ಗಂಡನಿಂದ ಬಂದಿದ್ದರೂ ಮೊದಲು ಬಯಲಾಗುವುದು ಹೆಂಡತಿಯ ಹೆಸರಿನಲ್ಲಿ. ಪರೀಕ್ಷೆಯಾಗದ ಗಂಡನು ನಿರ್ದೋಷಿ, ಪರೀಕ್ಷೆಯಾದ ಹೆಂಡತಿ ದೋಷಿ ಎಂಬ ವಿಚಿತ್ರ ತೀರ್ಪು ಎಷ್ಟೋ ಅತ್ತೆಯ ಮನೆಗಳಲ್ಲಿ ಆಯಿತು. ಗಂಡನು ಸತ್ತ ಮೇಲೆ ಆಸ್ತಿಯನ್ನು ಕೊಡದೆ ತವರಿಗೆ ಅಟ್ಟಲ್ಪಟ್ಟವರುಂಟು. ಆದುದರಿಂದಲೇ ಗಂಡನನ್ನೂ ಜತೆಗೆ ಕರೆತನ್ನಿರೆಂದು ಕೇಂದ್ರಗಳಲ್ಲಿ ಹೇಳುತ್ತಾರೆ. ಅವನು ಕೂಲಿ ಬಿಟ್ಟು ಬರಲಾರೆನೆನ್ನುತ್ತಾನೆ. ಅದು ಕೆಲವು ವೇಳೆ ನಿಜವೇ ಆಗಿರುತ್ತದೆ.

ಪುರುಷರೊಡನೆ ಸಂಬಂಧವುಳ್ಳ ಪುರುಷರಿಗೆ 1860ರ ದಂಡಸಂಹಿತೆಯ 377ನೆಯ ಪ್ರಕರಣವು ಅಡ್ಡವಾಗಿ ನಿಂತಿದ್ದಿತು. ಈ ಪ್ರಕರಣದಿಂದ ಜನರು ಮರೆಗೆ ಸರಿಯುತ್ತಿದ್ದಾರೆಂದು ಏಡ್ಸ್ ನಿಯಂತ್ರಣ ಸಂಸ್ಥೆಯು 2006ರಲ್ಲಿ ದೆಹಲಿ ಹೈಕೋರ್ಟಿಗೆ ಪ್ರಮಾಣಪತ್ರವನ್ನೇ ಸಲ್ಲಿಸಿತು; ಅದೇ ಸರ್ಕಾರದ ಗೃಹಖಾತೆಯವರು ಅದೇ ನ್ಯಾಯಾಲಯದಲ್ಲಿ ಪ್ರಕರಣವನ್ನು ಸಮರ್ಥಿಸುತ್ತಿದ್ದರು. ಒಂದು ಕೈಯಿಂದ ಕರೆಯುತ್ತ ಇನ್ನೊಂದು ಕೈಯಿಂದ ಬೆದರಿಸುವ ಈ ಸ್ಥಿತಿಯು 2009ರಲ್ಲಿ ನಿಂತು, 2013ರಲ್ಲಿ ಮರಳಿ, 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮುಗಿಯಿತು.

ಆ ತೀರ್ಪಾಗಿ ನಾಲ್ಕು ದಿನಕ್ಕೆ, ಸೆಪ್ಟೆಂಬರ್ 10ರಂದು, ಎಚ್.ಐ.ವಿ. ಮತ್ತು ಏಡ್ಸ್ ಕುರಿತ 2017ರ ಕಾಯಿದೆ ಜಾರಿಗೆ ಬಂದಿತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದು, ಫಲಿತಾಂಶವನ್ನು ಹೊರಗೆಡಹಬಾರದು, ಉದ್ಯೋಗ, ಶಿಕ್ಷಣ, ಬಾಡಿಗೆಯ ಮನೆ, ಚಿಕಿತ್ಸೆ ಇವುಗಳಲ್ಲಿ ಭೇದ ಮಾಡಬಾರದು, ದೂರು ಕೇಳಲು ರಾಜ್ಯಕ್ಕೊಬ್ಬ ಓಂಬುಡ್ಸ್‌ಮನ್ ಇರತಕ್ಕುದು ಎಂಬುವು ಅದರ ಮುಖ್ಯವಿಧಿಗಳು. 1868ರ ಕಾಯಿದೆಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಒಂದೂವರೆ ಶತಮಾನದಲ್ಲಿ ಆದ ದೂರವೆಷ್ಟೆಂಬುದು ವಿದಿತವಾಗುತ್ತದೆ. ಚಿಕಿತ್ಸೆಯನ್ನು ಸರ್ಕಾರವು 'ಸಾಧ್ಯವಾದಮಟ್ಟಿಗೆ' ಒದಗಿಸತಕ್ಕುದೆಂಬ ಮಾತೊಂದು ಮಾತ್ರ ಅದರಲ್ಲಿ ನುಸುಳಿಕೊಂಡಿದೆ. ಆ ವಿಶೇಷಣವನ್ನು ತೆಗೆಯಬೇಕೆಂದು ಸೋಂಕುಳ್ಳವರ ಸಂಘಗಳು ವಾದಿಸಿದುದು ಸಕಾರಣವಾಗಿಯೇ ಇದೆ. ಔಷಧದ ಭರವಸೆ ಸಡಿಲವಾದರೆ ಪರೀಕ್ಷೆಯು ಮತ್ತೆ ಬರಿಯ ಸುದ್ದಿಯಾಗುತ್ತದೆ.

ಕಾಯಿದೆಯ ಹಸ್ತಕ್ಕೆ ಎಟುಕದ ಅಡ್ಡಿಗಳು ಈಗ ಉಳಿದಿರುವುವು. ಶಸ್ತ್ರಚಿಕಿತ್ಸೆಗೆ ಮುಂಚೆ ಹೇಳದೆ ರಕ್ತವನ್ನು ನೋಡಿ, ಸೋಂಕು ಕಂಡರೆ ಹಾಸಿಗೆ ಬರಿದಿಲ್ಲವೆಂದು ಬೇರೊಂದು ಆಸ್ಪತ್ರೆಗೆ ಬರೆದುಕೊಡುವ ವೈದ್ಯರು ಇಲ್ಲದಿಲ್ಲ. ಆ ಚೀಟಿಯಲ್ಲಿ ಕಾರಣ ಬರೆದಿರುವುದಿಲ್ಲವಾದುದರಿಂದ ಓಂಬುಡ್ಸ್‌ಮನ್ನರ ಮುಂದೆ ಇಡಲು ಏನೂ ದೊರೆಯುವುದಿಲ್ಲ. ಸಣ್ಣ ಊರಿನಲ್ಲಿ ಪರೀಕ್ಷಾಕೇಂದ್ರದ ಬಾಗಿಲ ಮುಂದಣ ಬೆಂಚಿನ ಮೇಲೆ ಕುಳಿತಿರುವುದೇ ಒಂದು ಪ್ರಕಟನೆ. ರಕ್ತ ತೆಗೆಯುವವಳು ಓಣಿಯ ಹುಡುಗಿಯಾಗಿರಬಹುದು, ಚೀಟಿ ಬರೆಯುವವನು ನಂಟನಾಗಿರಬಹುದು. ಆದುದರಿಂದ ತಮ್ಮ ಜಿಲ್ಲೆಯ ಆಸ್ಪತ್ರೆಯನ್ನು ದಾಟಿ, ಬೆಳಗಿನ ಮೊದಲ ಬಸ್ಸಿಗೆ ಹತ್ತಿ, ನೆರೆಜಿಲ್ಲೆಯ ಆಸ್ಪತ್ರೆಯಲ್ಲಿ ಪರೀಕ್ಷೆಯನ್ನೂ ತಿಂಗಳ ಔಷಧವನ್ನೂ ಪಡೆಯುವವರು ಇದ್ದಾರೆ. ಅಲ್ಲಿಗೆ ಹೋಗಿಬರುವ ಬಸ್ಸಿನ ಹಣವೂ ಆ ದಿನದ ಕೂಲಿಯೂ, ಸರ್ಕಾರವು ಉಚಿತವೆಂದು ಕರೆಯುವ ಪರೀಕ್ಷೆಗೆ ಅವರು ತೆರುತ್ತಿರುವ ಬೆಲೆ.